ಕೆರೆ ನೀರಿನ ಜಗಳಕ್ಕೆ ವೀಪ್ ತಂತ್ರಾಂಶ: ಒಂದು ಹಂಗಾಮು ಬಳಸಿದ ಮೇಲೆ

ಶಿರಾ ಕಡೆಯ ಒಂದು ಊರಿನ ಕೆರೆ ಸಂಘಕ್ಕೆ ಲೆಕ್ಕ ಬರೆಯುವವನು ನಾನು. ನಮ್ಮದು 62 ಎಕರೆ ಅಚ್ಚುಕಟ್ಟು. ತೂಬಿನ ಹತ್ತಿರದವರು ಭತ್ತ ಹಾಕುತ್ತಾರೆ, ಕೊನೇ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ. ಪ್ರತಿ ವರ್ಷ ಕೆರೆ ಏರಿ ಮೇಲೆ ಇದೇ ಜಗಳ. ಅದಕ್ಕೇ ಈ ಸಲ ನೀರಿನ ಹಂಚಿಕೆ ಲೆಕ್ಕ ಹಾಕುವ ವೀಪ್ (WEAP) ಬಳಸಿದೆವು.

ಇದು ಸ್ಟಾಕ್‌ಹೋಮ್ ಎನ್ವಿರಾನ್‌ಮೆಂಟ್ ಇನ್‌ಸ್ಟಿಟ್ಯೂಟ್‌ನವರ ತಂತ್ರಾಂಶ. ನಮ್ಮಂಥ ದೇಶಗಳ ಲಾಭರಹಿತ ಸಂಸ್ಥೆಗಳಿಗೆ ಲೈಸೆನ್ಸ್ ಉಚಿತ. ಪರದೆ ಮೇಲೆ ಹಳ್ಳ, ಕೆರೆ, ಗದ್ದೆಗಳನ್ನು ಜೋಡಿಸಿ ಅಂಕಿ ತುಂಬಿದರೆ, ಯಾವ ತಿಂಗಳು ಯಾರಿಗೆ ಎಷ್ಟು ನೀರು ಕಡಿಮೆ ಬೀಳುತ್ತದೆ ಎಂದು ತೋರಿಸುತ್ತದೆ.

ಅಕ್ಟೋಬರ್‌ನಲ್ಲಿ ಶಾಲೆ ಗೋಡೆಗೆ ಪ್ರೊಜೆಕ್ಟರ್ ಹಾಕಿ ಎಲ್ಲರನ್ನೂ ಕೂರಿಸಿದೆ. ಹಳೇ ರಿಜಿಸ್ಟರಿನಲ್ಲಿದ್ದ ಕೆರೆಯ ಅಳತೆ ಹಾಕಿದ್ದೆ, ಎಲ್ಲರಿಗೂ ಭತ್ತಕ್ಕೆ ನೀರು ಸಾಕು ಎಂದು ಬಂತು. ತೂಬು ತೆಗೆದು ನೀರು ಬಿಡುವ ನೀರುಗಂಟಿ ಎದ್ದು, "ಹೂಳು ಎಲ್ಲೋಯ್ತು ಸ್ವಾಮಿ?" ಎಂದರು. ಯಾವ ಕಲ್ಲಿನ ಮಟ್ಟಕ್ಕೆ ನೀರಿದ್ದರೆ ತೂಬು ಎಷ್ಟು ದಿನ ಹರಿಯುತ್ತದೆ ಎಂದು ಅವರೇ ಹೇಳಿದರು. ಅದನ್ನು ತುಂಬಿದಾಗ ಕೆರೆಯ ಮೂರನೇ ಒಂದು ಪಾಲು ಹೂಳಿಗೇ ಹೋಯಿತು. ಅವರ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ.

ವೀಪ್‌ನಲ್ಲಿ ಪ್ರತಿ ಬಳಕೆಗೂ 1ರಿಂದ 99ರವರೆಗೆ ಸರದಿ ಕೊಡಬಹುದು. 1 ಅಂದರೆ ಮೊದಲ ಪಾಲು. ಇಬ್ಬರಿಗೂ ಒಂದೇ ಸರದಿ ಕೊಟ್ಟರೆ ಕೊರತೆ ಸಮನಾಗಿ ಹಂಚಿಕೆಯಾಗುತ್ತದೆ. ತೂಬಿನ ಹತ್ತಿರದವರು ತಮಗೇ 1 ಬೇಕೆಂದರು, ಹಾಗೇ ಹಾಕಿ ತೋರಿಸಿದೆ. ಜನವರಿಯಲ್ಲಿ ಕೊನೇ ಗದ್ದೆಗಳಿಗೆ ಸೊನ್ನೆ. ಅಲ್ಲಿ ಗದ್ದೆ ಇರುವ ಒಬ್ಬ ಅಜ್ಜಿ, "ಇದು ಹೋದ ವರ್ಷದ್ದೇ ಅಲ್ವಾ?" ಎಂದರು. ಆಮೇಲೆ ಅರ್ಧ ಭತ್ತ, ಅರ್ಧ ರಾಗಿ ಹಾಕಿ ನೋಡಿದೆವು. ರಾತ್ರಿ ಹತ್ತರವರೆಗೆ ಮಾತಾಡಿ ಅದಕ್ಕೇ ಒಪ್ಪಿದರು. ನನಗೆ ಇಲ್ಲೇ ಇದರ ಬೆಲೆ ಗೊತ್ತಾಗಿದ್ದು. ಅಂಕಿ ಅವರದೇ ಆದ್ದರಿಂದ ಉತ್ತರವನ್ನೂ ತಮ್ಮದೆಂದು ತೆಗೆದುಕೊಂಡರು.

ಒಂದು ಎಚ್ಚರಿಕೆ. ವೀಪ್ ಆಯಾ ತಿಂಗಳಿನ ಹಂಚಿಕೆ ಅಷ್ಟೇ ಮಾಡುತ್ತದೆ, ಮುಂದಿನ ಬೇಸಿಗೆ ಅದಕ್ಕೆ ಕಾಣುವುದಿಲ್ಲ. ದನಕರುಗಳಿಗೆ 1 ಕೊಟ್ಟರೂ, ಅಷ್ಟರಲ್ಲಿ ಬೆಳೆಗೆ ಕೆರೆ ಖಾಲಿಯಾಗಿದ್ದರೆ ಏಪ್ರಿಲ್‌ಗೆ ಹನಿ ಇರುವುದಿಲ್ಲ. ಕೆರೆಯ ವಿವರದಲ್ಲಿ 'ಬಫರ್' ಎಂಬ ಕಾಯ್ದಿಡುವ ಮಟ್ಟ ಹಾಕಿ, ಕೆರೆ ನೀರು ಅದಕ್ಕಿಂತ ಕೆಳಗಿಳಿದಾಗ ಬಿಡುವ ನೀರನ್ನು ಬಿಗಿ ಮಾಡಬೇಕು. ನಾನು ಇದನ್ನು ಎರಡು ವಾರ ತಪ್ಪು ಮಾಡಿದ್ದೆ.

ವಿಂಡೋಸ್ ಕಂಪ್ಯೂಟರ್ ಬೇಕು. ಕನ್ನಡ ಇಲ್ಲ, ಗ್ರಾಫಿನ ಹೆಸರುಗಳನ್ನೆಲ್ಲ ನಾನೇ ಬಾಯಲ್ಲಿ ಹೇಳಬೇಕಾಯಿತು. ಪ್ರಯೋಗದ ಆವೃತ್ತಿಯಲ್ಲಿ ಮಾಡಿದ ಕೆಲಸ ಉಳಿಸಲು ಆಗುವುದಿಲ್ಲ, ಹಾಗಾಗಿ ಮೊದಲೇ ಲೈಸೆನ್ಸ್‌ಗೆ ಬರೆಯಿರಿ.

ಹಂಗಾಮಿನಲ್ಲಿ ಎರಡು ರಾತ್ರಿ ಯಾರೋ ಕದ್ದು ತೂಬು ತೆಗೆದಿದ್ದರು. ಆದರೂ ಕೊನೇ ಗದ್ದೆಗಳಿಗೆ ಜನವರಿ ಮುಗಿಯುವವರೆಗೂ ನೀರು ಬಂತು. ಅಚ್ಚುಕಟ್ಟಿನೊಳಗಿನ 9 ಬೋರ್‌ವೆಲ್‌ಗಳನ್ನು ಇನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಯುಗಾದಿ ಕಳೆದ ಮೇಲೆ ಅವುಗಳ ಮಾಲೀಕರನ್ನೂ ಕೂರಿಸುತ್ತೇವೆ.