ಝೀರೋ ರೆಕ್ಕೆಯ ಏರ್‌ಫಾಯಿಲ್: ಯಾವ ಮೂಲವನ್ನು ಎಷ್ಟು ನಂಬಬಹುದು?

ಮಿಟ್ಸುಬಿಷಿ ಎ6ಎಂ2 ಝೀರೋ ಎರಡನೇ ಮಹಾಯುದ್ಧದ ಜಪಾನಿ ಯುದ್ಧವಿಮಾನ. ಅದರ ರೆಕ್ಕೆಯನ್ನು ಅಡ್ಡಕ್ಕೆ ಕೊಯ್ದರೆ ಯಾವ ಆಕಾರ (ಅದೇ ಏರ್‌ಫಾಯಿಲ್) ಕಾಣುತ್ತದೆ? ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎರಡು ಉತ್ತರ ಸಿಗುತ್ತವೆ. ಒಂದು, ಬುಡದಿಂದ ತುದಿವರೆಗೂ ಎಂಎಸಿ118 ಅನ್ನುವ ಆಕಾರ. ಇನ್ನೊಂದು, ಬುಡದಲ್ಲಿ ನಾಕಾ 2315, ತುದಿಯಲ್ಲಿ ನಾಕಾ 3309. ಎರಡರ ಮಧ್ಯೆ ‘ಅಥವಾ’ ಹಾಕಿ ಕೈತೊಳೆದುಕೊಂಡವರೂ ಇದ್ದಾರೆ. ಸುಮ್ನೆ ಓದುವವರಿಗೆ ಅಷ್ಟು ಸಾಕು. ಆದರೆ 1/8 ಅಳತೆಯ ಹಾರುವ ಮಾಡೆಲ್‌ಗೆ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ) ಕತ್ತರಿಸಬೇಕು ಅಂದರೆ ‘ಅಥವಾ’ ಇಟ್ಟುಕೊಂಡು ಏನು ಮಾಡುವುದು? ಅದಕ್ಕೇ ಸಿಕ್ಕ ದಾರಿಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದೆ.

ಎಲ್ಲರೂ ಮೊದಲು ಹೋಗುವುದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಏರ್‌ಫಾಯಿಲ್ ಸಂಗ್ರಹಕ್ಕೆ. ಮೈಕೆಲ್ ಸೆಲಿಗ್ ಅವರ ತಂಡ ಕಟ್ಟಿದ್ದು. 1,600ಕ್ಕೂ ಜಾಸ್ತಿ ಆಕಾರಗಳ ಅಂಕಿಗಳು ಪುಕ್ಕಟೆಯಾಗಿ ಸಿಗುತ್ತವೆ. ಅದೇ ತಾಣದಲ್ಲಿ ಡೇವಿಡ್ ಲೆಡ್ನಿಸರ್ ಅವರ ಪಟ್ಟಿಯೂ ಇದೆ. ಯಾವ ವಿಮಾನಕ್ಕೆ ಯಾವ ಏರ್‌ಫಾಯಿಲ್ ಅಂತ ಸಾಲಾಗಿ ಬರೆದಿದ್ದಾರೆ. ಪಟ್ಟಿ ಅಪೂರ್ಣ ಅಂತ ಅದರ ಹೆಸರೇ ಹೇಳುತ್ತದೆ, ಆ ಪ್ರಾಮಾಣಿಕತೆ ನನಗೆ ಇಷ್ಟ. ತೊಂದರೆ ಏನೆಂದರೆ, ಪಟ್ಟಿ ಹೆಸರು ಕೊಡುತ್ತದೆ, ಸಂಗ್ರಹ ಆಕಾರ ಕೊಡುತ್ತದೆ, ಜಪಾನಿನ ವಿಮಾನಗಳ ವಿಷಯದಲ್ಲಿ ಇವೆರಡೂ ಒಂದಕ್ಕೊಂದು ಸೇರುವುದಿಲ್ಲ. ಎಂಎಸಿ118ರ ಕಡತ ನನಗೆ ಅಲ್ಲಿ ಸಿಗಲಿಲ್ಲ. ಜಪಾನಿನ ನಾಕಾಜಿಮಾ ಕಂಪನಿ ತನ್ನ ಕಿ-84 ಯುದ್ಧವಿಮಾನಕ್ಕೆ ಬಳಸಿದ ಎನ್‌ಎನ್-2, ಎನ್‌ಎನ್-21 ಕಥೆಯೂ ಅಷ್ಟೇ. ಇವು ಕಂಪನಿಯ ಒಳಗಿನ ಹೆಸರುಗಳು. ಹೆಸರು ನೋಡಿ ಆಕಾರ ಬಿಡಿಸಲು ಆಗುವುದಿಲ್ಲ.

ನಾಕಾ ಸಂಖ್ಯೆಗಳು ಹಾಗಲ್ಲ. ನಾಕಾ ಅಂದರೆ ನಾಸಾ ಹುಟ್ಟುವ ಮುಂಚೆ ಅಮೆರಿಕದಲ್ಲಿದ್ದ ವೈಮಾನಿಕ ಸಂಶೋಧನಾ ಸಂಸ್ಥೆ. 1933ರ ಅದರ 460ನೇ ವರದಿಯಲ್ಲಿ 78 ಏರ್‌ಫಾಯಿಲ್‌ಗಳ ಪರೀಕ್ಷೆ ಇದೆ, ಅವನ್ನು ಬಿಡಿಸುವ ಸೂತ್ರವೂ ಇದೆ. 2315 ಅಂದರೆ ಬಾಗು ಕಾರ್ಡ್‌ನ (ರೆಕ್ಕೆಯ ಮೂತಿಯಿಂದ ಹಿಂದಿನ ಅಂಚಿನವರೆಗಿನ ಉದ್ದದ) 2%, ಅದು ಮೂತಿಯಿಂದ 30% ದೂರದಲ್ಲಿ, ದಪ್ಪ 15%. 3309 ಅಂದರೆ ಬಾಗು 3%, ದಪ್ಪ 9%. ಆಗ ಪರೀಕ್ಷೆಗೆ ಇಟ್ಟಿದ್ದು 0, 2, 4, 6% ಬಾಗುಗಳು, ಹಾಗಾಗಿ 3309 ಆ 78ರಲ್ಲಿ ಇಲ್ಲ. ಆದರೆ ಸೂತ್ರ ಕೈಯಲ್ಲಿದ್ದ ಮೇಲೆ ಏನು ಚಿಂತೆ? ಸ್ಪ್ರೆಡ್‌ಶೀಟ್‌ನಲ್ಲಿ ಹತ್ತು ನಿಮಿಷದ ಕೆಲಸ. ಕೆಲಸ ಮುಗಿಸಿಕೊಡುವ ವಿಷಯದಲ್ಲಿ ಈ ದಾರಿಯನ್ನು ಯಾವುದೂ ಮೀರಿಸಲಿಲ್ಲ.

ಎರಡನೆಯ ದಾರಿ ಯುದ್ಧಕಾಲದ ಅಮೆರಿಕನ್ ಗುಪ್ತಚರ ಕಾಗದಗಳು. 1942ರ ಜೂನ್‌ನಲ್ಲಿ ಅಲಾಸ್ಕಾದ ಅಕುಟಾನ್ ದ್ವೀಪದಲ್ಲಿ ಒಂದು ಝೀರೋ ಮಗುಚಿ ಬಿತ್ತು. ಅದನ್ನು ಎತ್ತಿಕೊಂಡು ಬಂದು, ರಿಪೇರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ಸ್ಯಾನ್ ಡಿಯಾಗೋದಲ್ಲಿ ಹಾರಿಸಿದರು. ಆ ವರದಿಗಳನ್ನು ಓದುವುದೇ ಒಂದು ಮಜಾ. ಆದರೆ ಅವರಿಗೆ ಬೇಕಾಗಿದ್ದು ಅದನ್ನು ಹೊಡೆದು ಉರುಳಿಸುವುದು ಹೇಗೆ ಅಂತ. ವೇಗ ಹೆಚ್ಚಾದರೆ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಬಿಗಿಯಾಗುತ್ತದೆ, ಋಣ ಜಿ ಬಂದರೆ, ಅಂದರೆ ಮೂತಿಯನ್ನು ಥಟ್ಟನೆ ಕೆಳಕ್ಕೆ ತಳ್ಳಿದರೆ, ಎಂಜಿನ್ ಕೆಮ್ಮುತ್ತದೆ, ಇಂಥವು. ರಿಬ್ ಕತ್ತರಿಸುವವನಿಗೆ ಇಲ್ಲಿ ಸಿಗುವುದು ಕಡಿಮೆ. ಇನ್ನೊಂದು ಎಚ್ಚರಿಕೆಯೂ ಬೇಕು. ಕಿ-84ರ ಗರಿಷ್ಠ ವೇಗ ಗಂಟೆಗೆ 427 ಮೈಲಿ ಅಂತ ಅಮೆರಿಕನ್ನರು ಬರೆದರು. ಜಪಾನಿನ ಅಂಕಿ ಸುಮಾರು 390 ಮೈಲಿ. ಯಾರ ಅಂಕಿ, ಯಾವ ಇಂಧನದ ಮೇಲೆ, ಅಳೆದಿದ್ದೋ ಲೆಕ್ಕ ಹಾಕಿದ್ದೋ ಅಂತ ಕೇಳದೆ ಅಂಕಿ ಎತ್ತಿಕೊಳ್ಳಬಾರದು.

ಸ್ಕೇಲ್ ಡ್ರಾಯಿಂಗ್‌ನಿಂದ ಆಕಾರ ಎತ್ತುವ ದಾರಿಯನ್ನು ಮಾಡೆಲ್ ಮಾಡುವವರು ತುಂಬ ನಂಬುತ್ತಾರೆ. ನಾನು ನಂಬುವುದಿಲ್ಲ. ಕಾರಣ ಸರಳ ಲೆಕ್ಕ. 1/48 ಡ್ರಾಯಿಂಗ್‌ನಲ್ಲಿ ಗೆರೆ 0.25 ಮಿ.ಮೀ. ದಪ್ಪ ಇದೆ ಅನ್ನಿ. ನಿಜವಾದ ವಿಮಾನದಲ್ಲಿ ಅದು 12 ಮಿ.ಮೀ. ಝೀರೋ ರೆಕ್ಕೆಯ ವಿಸ್ತೀರ್ಣ 22.44 ಚದರ ಮೀಟರ್, ತುದಿಯಿಂದ ತುದಿಗೆ 12 ಮೀಟರ್, ಅಂದರೆ ಸರಾಸರಿ ಕಾರ್ಡ್ 1.87 ಮೀಟರ್. ಅದರ 2% ಬಾಗು ಎಷ್ಟು? 37 ಮಿ.ಮೀ. ಗೆರೆಯ ದಪ್ಪವೇ ಬಾಗಿನ ಮೂರನೇ ಒಂದು ಭಾಗ ತಿಂದುಬಿಟ್ಟಿತು! ಇನ್ನು ಆ ಗೆರೆ ಎಳೆದವರು ಯಾವ ಏರ್‌ಫಾಯಿಲ್ ಊಹಿಸಿಕೊಂಡು ಎಳೆದರೋ.

ಫೋಟೋಗಳು ಇದಕ್ಕಿಂತ ವಾಸಿ, ಆದರೆ ಝೀರೋ ಇಲ್ಲಿ ಸ್ವಲ್ಪ ಸತಾಯಿಸುತ್ತದೆ. ಅದರ ರೆಕ್ಕೆ ಮತ್ತು ಮುಂದಿನ ಒಡಲು ಒಂದೇ ತುಂಡು. ಕಾಕ್‌ಪಿಟ್ ಹಿಂದಿನ ಒಡಲನ್ನು ಬಿಚ್ಚಬಹುದು, ರೆಕ್ಕೆಯನ್ನು ಬುಡದಲ್ಲಿ ಬಿಚ್ಚಲಾಗದು. ಹಾಗಾಗಿ ಬುಡದ ಆಕಾರ ಕ್ಯಾಮೆರಾಗೆ ನೇರವಾಗಿ ಸಿಗುವುದು ಅಪರೂಪ. ಆದರೆ ಝೀರೋದ ‘ಮಾಡೆಲ್ 21’ ಅನ್ನುವ ಆವೃತ್ತಿಯಲ್ಲಿ ವಿಮಾನವಾಹಕ ಹಡಗಿನ ಲಿಫ್ಟ್‌ಗೋಸ್ಕರ ರೆಕ್ಕೆ ತುದಿಯ 50 ಸೆಂ.ಮೀ. ಮೇಲಕ್ಕೆ ಮಡಚುತ್ತದೆ. ಮಡಚಿದ ಫೋಟೋದಲ್ಲಿ ಅಲ್ಲಿನ ಆಕಾರ ಬಟಾಬಯಲು. ಬಾಗು ಅಳೆಯಲು ಲೆನ್ಸ್ ಬಿಡುವುದಿಲ್ಲ, ದಪ್ಪ ಮಾತ್ರ ಪರೀಕ್ಷಿಸಬಹುದು. ತುದಿ 9% ಅನ್ನುವುದು ನಿಜವಾದರೆ ಮಡಿಕೆಯ ಹತ್ತಿರ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಅಲ್ವಾ?

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಜಪಾನಿನದೇ ಕಾಗದಗಳು. ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದ ವೈಮಾನಿಕ ಸಂಶೋಧನಾ ಸಂಸ್ಥೆಯ ಹಳೆಯ ವರದಿಗಳು ಈಗ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾದ ಭಂಡಾರದಲ್ಲಿವೆ. ಕೆಲವು ಇಂಗ್ಲಿಷ್‌ನಲ್ಲೇ ಇವೆ. ಕವಾನಿಶಿ ಕಂಪನಿಯ ಶಿಡೆನ್ ಯುದ್ಧವಿಮಾನದಲ್ಲಿ ಬಳಸಿದ ಎಲ್‌ಬಿ ಸರಣಿಯ ಲ್ಯಾಮಿನಾರ್ (ಗಾಳಿ ಮೈಗೆ ಅಂಟಿ ನಯವಾಗಿ ಹರಿಯುವಂತೆ ಮಾಡಿದ) ಏರ್‌ಫಾಯಿಲ್‌ಗಳ ಹಿಂದಿನ ತಲೆ ಪ್ರೊಫೆಸರ್ ತಾನಿ ಇಚಿರೋ ಅವರದು. ಅವರೂ ಮಿತುಇಸಿಯವರೂ ಸೇರಿ 1940ರಲ್ಲಿ ಬರೆದ 198ನೇ ವರದಿಯಲ್ಲಿ ಆಕಾರ ಹೇಗೆ ಹುಟ್ಟಿತು ಅನ್ನುವುದನ್ನು ಅವರ ಮಾತಿನಲ್ಲೇ ಓದಬಹುದು. ಹುಡುಕುವಾಗ ಒಂದು ಸೂಕ್ಷ್ಮ: ಆ ಕಾಲದ ರೋಮನ್ ಕಾಗುಣಿತದಲ್ಲಿ ಅವರು ‘ಇತಿರೋ’. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಯುದ್ಧ ಸೋತಾಗ ಕಂಪನಿ, ಸೇನೆಗಳ ಕಾಗದಗಳು ಬಹಳಷ್ಟು ಸುಟ್ಟುಹೋದವು. ಅಚ್ಚಾಗಿ ಹೊರಗೆ ಹೋಗಿದ್ದ ಇಂಥ ವರದಿಗಳು ಉಳಿದವು.

ಝೀರೋ ವಿನ್ಯಾಸಕ ಹೊರಿಕೊಶಿ ಜಿರೋ ರೆಕ್ಕೆಯ ತುದಿಯನ್ನು ಸುಮಾರು 2.5 ಡಿಗ್ರಿ ಕೆಳಕ್ಕೆ ತಿರುಚಿದ್ದರು, ಸ್ಟಾಲ್ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದು) ತುದಿಯಲ್ಲಿ ಶುರುವಾಗಬಾರದು ಅಂತ. ಕಡತ ಡೌನ್‌ಲೋಡ್ ಮಾಡಿಕೊಂಡವರು ಮರೆಯುವುದು ಇದನ್ನೇ. ಹಾರುವ ಮಾಡೆಲ್‌ಗೆ 118ಓ 2315ಓ ಅನ್ನುವ ಜಗಳಕ್ಕಿಂತ ಈ ತಿರುಚು ಮುಖ್ಯ ಅಂತ ನನ್ನ ಲೆಕ್ಕ. ನಿಜವಾದ ಝೀರೋ ಸೆಕೆಂಡಿಗೆ 100 ಮೀಟರ್ ಹೋಗುವಾಗ ರೆನಾಲ್ಡ್ಸ್ ಸಂಖ್ಯೆ (ರೆಕ್ಕೆಯ ಗಾತ್ರ, ವೇಗ ನೋಡಿ ಗಾಳಿ ಹೇಗೆ ಹರಿಯುತ್ತದೆ ಅಂತ ಹೇಳುವ ಅಂಕಿ) 1.2 ಕೋಟಿ ದಾಟುತ್ತದೆ. ನನ್ನ ಮಾಡೆಲ್ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎರಡೂಕಾಲು ಲಕ್ಷದ ಆಸುಪಾಸು. ಏರ್‌ಫಾಯಿಲ್ ಲೆಕ್ಕ ಹಾಕುವ ಎಕ್ಸ್‌ಫಾಯಿಲ್ ತಂತ್ರಾಂಶಕ್ಕೆ ಈ ಎರಡೂ ಸಂಖ್ಯೆ ಹಾಕಿ ನೋಡಿ, ಒಂದೇ ಆಕಾರ ಬೇರೆಯೇ ರೆಕ್ಕೆಯಂತೆ ವರ್ತಿಸುತ್ತದೆ.

ಹಾಗಾಗಿ ಝೀರೋಗೆ 2315ರಿಂದ 3309, ಜೊತೆಗೆ ಪೂರ್ತಿ ತಿರುಚು ಇಟ್ಟೆ. ಶಿಡೆನ್ ಮಾಡಿದರೆ ಎಲ್‌ಬಿ ಆಕಾರ ಶೋಕೇಸ್‌ನಲ್ಲಿಡುವ ಮಾಡೆಲ್‌ಗೆ ಮಾತ್ರ. ಹಾರಿಸುವುದಕ್ಕೆ ಕಡಿಮೆ ರೆನಾಲ್ಡ್ಸ್‌ಗೆಂದೇ ಮಾಡಿದ ಏರ್‌ಫಾಯಿಲ್ ಹಾಕುತ್ತೇನೆ, ಮೂತಿಯ ಹತ್ತಿರದ ಗೆರೆ ಮಾತ್ರ ಶಿಡೆನ್‌ನದು.