ಕೋಲಾರದ ಬೋರ್ ನೀರು, ಕಡು ನೀಲಿ ಕಾರು: ಸೆರಾಮಿಕ್ ಕೋಟಿಂಗ್ ಮಾಡಿಸಿ ಮೂರು ವರ್ಷ

ಮುಳಬಾಗಿಲಲ್ಲಿರುವ ನನ್ನ ಭಾಮೈದ ಹೊಸ ಕಾರು ಬುಕ್ ಮಾಡಿದ್ದಾನೆ. ಮೊನ್ನೆ ಫೋನ್ ಮಾಡಿದ. "ಭಾವ, ಶೋರೂಮ್‌ನವರು ಕೋಟಿಂಗ್ ಮಾಡಿಸಿ ಅಂತ ಬೆನ್ನು ಹತ್ತಿದ್ದಾರೆ. ನೀವು ಮಾಡಿಸಿದ್ರಲ್ಲ, ಹೇಗಿದೆ?" ಅರ್ಧ ಗಂಟೆ ಮಾತಾಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸೆರಾಮಿಕ್ ಕೋಟಿಂಗ್ ಅಂದರೆ ಕಾರಿನ ಪೇಂಟ್ ಕಾಪಾಡಲು ಅದರ ಮೇಲೆ ಹಚ್ಚುವ ತೆಳು ಪದರ. ಕೋಟಿಂಗ್ ಮಾಡಿಸಿದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಆ ವಾರ ಎಲ್ಲರ ಕಾರೂ ಕನ್ನಡಿಯೇ.

ನನ್ನದು ಕಡು ನೀಲಿ ಬಣ್ಣದ ಹ್ಯಾಚ್‌ಬ್ಯಾಕ್. 2022ರ ಮಾರ್ಚ್‌ನಲ್ಲಿ ತಗೊಂಡೆ, ಈಗ 46 ಸಾವಿರ ಕಿಲೋಮೀಟರ್ ಓಡಿದೆ. ಮನೆ ಕೋಲಾರದಲ್ಲಿ, ಕೆಲಸ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ದಿನಾ ಬೆಂಗಳೂರು ಹೆದ್ದಾರಿಯಲ್ಲೇ ಓಡಾಟ. ಕಂಪನಿಯಲ್ಲಿ ಪಾರ್ಕಿಂಗ್ ಅಂದರೆ ಬಯಲು, ಅಂಚಿನಲ್ಲಿ ನಾಲ್ಕು ಹೊಂಗೆ ಮರ. ಮನೆ ಮುಂದೆ ಶೀಟ್ ಇದೆ, ಆದರೆ ಕಾರಿನ ಅರ್ಧ ಮಾತ್ರ ಅದರ ಕೆಳಗೆ ಹೋಗುತ್ತದೆ. ಬಾನೆಟ್ ಬಿಸಿಲಿಗೇ.

ಕಾರು ಕೈಗೆ ಕೊಡುವ ದಿನ ಶೋರೂಮ್‌ನಲ್ಲಿ 34 ಸಾವಿರದ ಪ್ಯಾಕೇಜ್ ಹೇಳಿದರು. "ಸಾರ್, ಸಂಜೆ ಅಷ್ಟೊತ್ತಿಗೆ ಮಾಡಿಕೊಟ್ಟುಬಿಡ್ತೀವಿ" ಅಂದಾಗಲೇ ನನಗೆ ಅನುಮಾನ. ಸರಿಯಾಗಿ ಮಾಡುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ. ಬೇಡ ಅಂದೆ. ಎರಡು ತಿಂಗಳು ಬೀದಿ ಕೊನೆಯ ಹುಡುಗನೊಬ್ಬ ಬಂದು ಒರೆಸಿ ಹೋಗುತ್ತಿದ್ದ. ಐದು ಮನೆಯ ಕಾರಿಗೂ ಒಂದೇ ಬಕೆಟ್, ಒಂದೇ ಬಟ್ಟೆ. ಒಂದು ರಾತ್ರಿ ಪೆಟ್ರೋಲ್ ಬಂಕ್‌ನ ಬಿಳಿ ದೀಪದ ಕೆಳಗೆ ಬಾನೆಟ್ ನೋಡಿದೆ. ಜೇಡರ ಬಲೆ ಹರಡಿದ ಹಾಗೆ ಸುತ್ತ ಸುತ್ತ ಸಣ್ಣ ಗೀರು. ಕಾರಿಗೆ ಆಗ ಎರಡು ತಿಂಗಳು! ಹುಡುಗನನ್ನು ಬೈದು ಪ್ರಯೋಜನ ಇಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಮರಳಿದೆ. ಒಣ ಧೂಳನ್ನು ಬಟ್ಟೆಯಿಂದ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ.

ಹಾಗಾಗಿ ಜೂನ್‌ನಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋಗೆ ಬಿಟ್ಟೆ. ಕೋಟಿಂಗ್‌ಗೆ 22,000, ಅದರ ಮೇಲೆ ಶೇ 18ರ ಜಿಎಸ್‌ಟಿ. ಒಟ್ಟು 25,960 ರೂಪಾಯಿ. ಕಾರು ಮೂರು ದಿನ ಅಲ್ಲೇ ಇತ್ತು. ಮೊದಲ ದಿನ ನಾನೂ ಕೂತು ನೋಡಿದೆ. ತೊಳೆದ ಮೇಲೆ ಒಂದು ದ್ರಾವಣ ಸಿಂಪಡಿಸಿದರು. ಐದು ನಿಮಿಷಕ್ಕೆ ಡಿಕ್ಕಿ ಬಾಗಿಲಿನ ಮೇಲೆ ನೇರಳೆ ಬಣ್ಣದ ನೀರು ಇಳಿಯತೊಡಗಿತು. ಬ್ರೇಕ್‌ನಿಂದ ಹಾರಿ ಬಂದು ಕೂತ ಕಬ್ಬಿಣದ ಪುಡಿ ಅದರಲ್ಲಿ ಕರಗಿ ಬರುವಾಗ ಹಾಗೆ ಬಣ್ಣ ತಿರುಗುತ್ತದೆ. ಆಮೇಲೆ ಜೇಡಿಮಣ್ಣಿನಂಥ ಮುದ್ದೆಯಿಂದ ಸವರಿದರು. ಬಾಗಿಲ ಅಂಚು, ರಬ್ಬರ್ ಎಲ್ಲದಕ್ಕೂ ಟೇಪ್ ಹಾಕಿ ಮಷಿನ್ ಪಾಲಿಶ್ ಶುರು ಮಾಡಿದರು.

ಅಲ್ಲಿದ್ದ ಹುಡುಗ ಒಂದು ಮೀಟರ್ ಹಿಡಿದು ಪೇಂಟ್‌ನ ದಪ್ಪ ತೋರಿಸಿದ. ಬಾನೆಟ್ ಮೇಲೆ 112 ಮೈಕ್ರಾನ್. ನಮ್ಮ ತಲೆಕೂದಲು ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ತಳದ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ ಎರಡು ಕೂದಲಿನ ದಪ್ಪವೂ ಇಲ್ಲ. ಇದರಲ್ಲಿ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಪಾಲಿಶ್ ಅಂದರೆ ಅದನ್ನೇ ಒಂಚೂರು ತೆಳ್ಳಗೆ ಮಾಡಿ ಗೀರು ಇಲ್ಲವಾಗಿಸುವುದು. ಪದೇ ಪದೇ ಮಾಡಿಸುವ ಕೆಲಸ ಅಲ್ಲ ಅದು. ಹಾಗಾದರೆ ಕೋಟಿಂಗ್ ಎಷ್ಟು ದಪ್ಪ ಅಂತ ಕೇಳಿದೆ. "ಒಂದು ಮೈಕ್ರಾನ್ ಆಗಬಹುದು ಸಾರ್" ಅಂದ. ನನಗೆ ನಗು ಬಂತು. 26 ಸಾವಿರಕ್ಕೆ ಒಂದು ಮೈಕ್ರಾನ್!

ಈಗ ಯೋಚಿಸಿದರೆ ಆ ದಿನ ನನ್ನ ಕಣ್ಣು ಕುಕ್ಕಿದ ಹೊಳಪು ಕೋಟಿಂಗ್‌ದಲ್ಲ, ಪಾಲಿಶ್‌ದು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೋಟಿಂಗ್ ಹಚ್ಚಿದ್ದು ಎರಡನೇ ದಿನ. ಸಿಲಿಕಾ ಇರುವ ದ್ರವ ಅದು, ಚಿಕ್ಕ ಸೀಸೆಯಲ್ಲಿ ಬರುತ್ತದೆ. ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ, ಕಾಮನಬಿಲ್ಲಿನ ಥರ ಬಣ್ಣ ಕಂಡ ಕೂಡಲೇ ಒರೆಸುತ್ತಾರೆ. ಅದು ಪೇಂಟ್‌ಗೆ ಅಂಟಿಕೊಂಡು ಗಟ್ಟಿಯಾಗಬೇಕು. ಒಂದು ದಿನ ನೀರು ತಾಗಬಾರದು, ಒಂದು ವಾರ ತೊಳೆಯಬಾರದು ಅಂದರು.

"9 ಎಚ್ ಗಡಸುತನ" ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ವಜ್ರ 10, ಇದು 9 ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ವಜ್ರದ 10 ಖನಿಜಗಳ ಗಡಸುತನ ಹೇಳುವ ಮೋಸ್ (Mohs) ಅಳತೆಯದು. ಕೋಟಿಂಗ್‌ನ 9 ಎಚ್ ಪೆನ್ಸಿಲ್ ಅಳತೆಯದು. ಡ್ರಾಯಿಂಗ್‌ಗೆ ಬಳಸುವ ಗಟ್ಟಿ ಪೆನ್ಸಿಲ್‌ನಿಂದ ಗೀಚಿದರೂ ಗೀರು ಬೀಳಲಿಲ್ಲ ಅಂತ ಅರ್ಥ, ಅಷ್ಟೆ. ಮರಳಿನಲ್ಲಿರುವ ಬೆಣಚುಕಲ್ಲು ಪೆನ್ಸಿಲ್ ಸೀಸಕ್ಕಿಂತ ಎಷ್ಟೋ ಗಟ್ಟಿ. ಹಾಗಾಗಿ ಕೆಂಪು ಧೂಳನ್ನು ಒಣಗಿದ್ದಾಗಲೇ ಒರೆಸಿದರೆ ಕೋಟಿಂಗ್ ಮೇಲೂ ಗೀರು ಬೀಳುತ್ತದೆ.

ಮೊದಲ ಮಳೆಗೆ ಮಾತ್ರ ಖುಷಿಯೋ ಖುಷಿ. ಕೆಸುವಿನ ಎಲೆ ಮೇಲೆ ನೀರು ಉರುಳುವ ಹಾಗೆ ಬಾನೆಟ್ ಮೇಲೆ ಹನಿ ಓಡುತ್ತಿತ್ತು. ಮಗಳು ಚೊಂಬಿನಲ್ಲಿ ನೀರು ತಂದು ತಂದು ಸುರಿದಳು.

ಐದನೇ ತಿಂಗಳಿಗೆ ಆ ಖುಷಿ ಇಳಿಯಿತು. ಕಾರಿನ ತುಂಬ ಬಿಳಿ ಉಂಗುರಗಳು. ತೊಳೆದಷ್ಟೂ ಜಾಸ್ತಿ. ಕೋಲಾರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಬೋರ್ ನೀರು ಗೀಸರ್ ಕಾಯಿಲ್‌ಗೆ, ನಲ್ಲಿ ಬಾಯಿಗೆ, ಸ್ಟೀಲ್ ಬಿಂದಿಗೆಗೆ ಏನು ಮಾಡುತ್ತದೆ ಅಂತ ಎಲ್ಲರ ಮನೆಯಲ್ಲೂ ಗೊತ್ತು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬಂದು ನಮ್ಮ ಕಡೆ ಕೆರೆ ತುಂಬುತ್ತಿವೆ, ಸಂತೋಷ. ನಮ್ಮ ಬೋರ್‌ನ ಉಪ್ಪು ಮಾತ್ರ ಇದ್ದ ಹಾಗೇ ಇದೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ನೀರು ಆರಿದರೂ ಅದು ಅಲ್ಲೇ ಉಳಿಯುತ್ತದೆ. ಕೋಟಿಂಗ್ ಇಲ್ಲದಿದ್ದರೆ ನೀರು ತೆಳ್ಳಗೆ ಹರಡಿ ಆರುತ್ತದೆ. ಕೋಟಿಂಗ್ ಇದ್ದರೆ ಮಣಿಮಣಿಯಾಗಿ ನಿಂತು, ಒಂದೊಂದು ಮಣಿಯೂ ಒಂದೊಂದು ಉಂಗುರ ಬಿಟ್ಟು ಆರುತ್ತದೆ. ಫೋಟೋದಲ್ಲಿ ಚಂದ ಕಾಣುತ್ತಿತ್ತಲ್ಲ ಆ ಹನಿಗಳು, ಅವೇ ನನ್ನ ಶತ್ರು ಆದವು.

ಇದಕ್ಕೆ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ನನ್ನ ಹೆಂಡತಿ ನೆಲ ಒರೆಸಲು ಡ್ರಮ್‌ನಲ್ಲಿ ಹಿಡಿದಿಡುತ್ತಾಳೆ. ಫಿಲ್ಟರ್‌ನಿಂದ ಬಂದ ನೀರಲ್ವಾ, ಬೋರ್ ನೀರಿಗಿಂತ ವಾಸಿ ಇರಬೇಕು ಅಂತ ಎರಡು ತಿಂಗಳು ಅದರಲ್ಲೇ ಕಾರು ತೊಳೆದೆ. ಫಿಲ್ಟರ್ ಸರ್ವಿಸ್‌ಗೆ ಬಂದವರ ಹತ್ತಿರ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇತ್ತು. ಬೋರ್ ನೀರಿಗೆ ಹಾಕಿದರು, 1,080. ಕುಡಿಯುವ ನೀರಿಗೆ ಹಾಕಿದರು, 70. ಡ್ರಮ್‌ಗೆ ಹಾಕಿದರು, 1,490. "ಅಣ್ಣ, ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲಾ ಇದರಲ್ಲೇ ತಾನೇ ಹೋಗೋದು" ಅಂದರು. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದವನು.

ಈಗ ಮಾಡುವುದು ಹೀಗೆ. ಟೆರೇಸಿನ ಮಳೆ ನೀರು 200 ಲೀಟರ್ ಡ್ರಮ್‌ಗೆ ಇಳಿಯುವ ಹಾಗೆ ಪೈಪ್ ಹಾಕಿಸಿದ್ದೇನೆ. ಮೊದಲು ಬೋರ್ ನೀರಿನಿಂದಲೇ ಧೂಳು ಇಳಿಸುತ್ತೇನೆ. ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಕೊನೆಗೆ ಮಾತ್ರ ಹತ್ತು ಲೀಟರ್ ಮಳೆ ನೀರು ಸುರಿದು, ಆರಲು ಬಿಡದೆ ದಪ್ಪ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಎತ್ತುತ್ತೇನೆ. ಬೆಳಗ್ಗೆ ಏಳರ ಒಳಗೆ ಮುಗಿಸಬೇಕು, ಬಿಸಿಲು ಬಿದ್ದರೆ ಕೆಟ್ಟಿತು. ಬೇಸಿಗೆಯಲ್ಲಿ ಡ್ರಮ್ ಖಾಲಿಯಾದರೆ ತೊಳೆಯುವುದನ್ನೇ ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ. ಹಳೇ ಉಂಗುರಗಳಿಗೆ ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಬೆರೆಸಿ, ನೆರಳಿನಲ್ಲಿ, ಬಾಡಿ ತಣ್ಣಗಿರುವಾಗ ಒದ್ದೆ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ತೊಳೆದೆ. ಮುಕ್ಕಾಲು ಭಾಗ ಹೋಯಿತು. ಎಡಗಡೆ ಬಾಗಿಲಿನ ಮೇಲಿನವು ಒಳಗೆ ಇಳಿದುಬಿಟ್ಟಿವೆ, ಅವು ಪಾಲಿಶ್‌ಗೇ ಹೋಗಬೇಕು.

ಕೋಟಿಂಗ್ ನಿಜವಾಗಿ ಕೈ ಹಿಡಿದದ್ದು ಶ್ರೀನಿವಾಸಪುರದಲ್ಲಿ. ಮಾವನವರ ಮಾವಿನ ತೋಟ ಅಲ್ಲಿದೆ. 2024ರ ಫೆಬ್ರುವರಿ, ಮರ ತುಂಬ ಹೂವು. ನೆರಳು ಅಂತ ಮರದ ಕೆಳಗೆ ಕಾರು ನಿಲ್ಲಿಸಿ ಎರಡು ದಿನ ಇದ್ದೆವು. ಹೂವಿನ ಕಾಲದಲ್ಲಿ ಜಿಗಿಹುಳು ರಸ ಹೀರಿ ಸಿಹಿ ಅಂಟು ಉದುರಿಸುತ್ತದೆ. ಹೊರಡುವಾಗ ನೋಡಿದರೆ ಗಾಜು, ಬಾನೆಟ್, ಮೇಲ್ಚಾವಣಿ ಎಲ್ಲ ಬೆಲ್ಲದ ಪಾಕ ಚಿಮುಕಿಸಿದ ಹಾಗೆ. ಅದರ ಮೇಲೆ ಧೂಳು ಬೇರೆ. ಮಾವನವರ ಹಳೇ ಕಾರಿನ ಮೇಲೆ ಅದೇ ಅಂಟು ಕಪ್ಪಗೆ ಕಟ್ಟಿ ಕೂತಿತ್ತು. ನಮ್ಮದು ಮನೆಗೆ ಬಂದು ಶಾಂಪೂ ಹಾಕಿದರೆ ಹತ್ತು ನಿಮಿಷದಲ್ಲಿ ಜಾರಿ ಹೋಯಿತು. ಗಾಜನ್ನು ಉಜ್ಜಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು, ಗಾಜಿಗೆ ಕೋಟಿಂಗ್ ಇರಲಿಲ್ಲ.

ಹಕ್ಕಿ ಹಿಕ್ಕೆಯ ವಿಷಯ ಹಾಗಲ್ಲ. ಅದು ಆಮ್ಲ. ಕಳೆದ ಮೇನಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ಕಾರನ್ನು ಶನಿವಾರ, ಭಾನುವಾರ ಅಲ್ಲೇ ಬಿಟ್ಟು ಕಂಪನಿ ಬಸ್‌ನಲ್ಲಿ ಮನೆಗೆ ಬಂದೆ. ಸೋಮವಾರ ಒರೆಸಿದಾಗ ಮೇಲ್ಚಾವಣಿಯ ಮೇಲೆ ಎಂಟಾಣೆ ಅಗಲದ ಮಂಕು ಗುರುತು. ಇನ್ನೂ ಇದೆ. ಅದೇ ದಿನ ಒರೆಸಿದರೆ ಗುರುತು ಬೀಳುವುದಿಲ್ಲ, ಕೋಟಿಂಗ್ ಅಷ್ಟು ಹೊತ್ತು ತಡೆಯುತ್ತದೆ. ಈಗ ಕಾರಿನಲ್ಲಿ ಒಂದು ನೀರಿನ ಬಾಟಲಿ, ಒಂದು ಬಟ್ಟೆ ಸದಾ ಇಟ್ಟಿರುತ್ತೇನೆ.

ಕಲ್ಲಿನ ಏಟಿಗೆ ಕೋಟಿಂಗ್ ಏನೂ ಮಾಡುವುದಿಲ್ಲ. ಹೆದ್ದಾರಿಯಲ್ಲಿ ಜಲ್ಲಿ ಟಿಪ್ಪರ್ ಹಿಂದೆ ಸಿಕ್ಕಿಕೊಂಡು ಬಾನೆಟ್ ತುದಿಯಲ್ಲಿ ಆರು ಬಿಳಿ ಚುಕ್ಕೆ ಆಗಿವೆ, ಪ್ರೈಮರ್ ಕಾಣುತ್ತದೆ. ಒಂದು ಮೈಕ್ರಾನ್ ಪದರ ಜಲ್ಲಿ ತಡೆಯುತ್ತದೆ ಅಂದುಕೊಂಡದ್ದು ನನ್ನ ತಪ್ಪು. ಅದಕ್ಕೆ ಪಿಪಿಎಫ್ ಬೇಕು. ಅದು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಇಡೀ ಕಾರಿಗೆ ಹಾಕಿಸಿದರೆ ಕೋಟಿಂಗ್‌ನ ಹಲವು ಪಟ್ಟು ಖರ್ಚು.

ವಾರಂಟಿ ಬಗ್ಗೆ ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಐದು ವರ್ಷ ಅಂತ ಕಾರ್ಡ್ ಕೊಟ್ಟಿದ್ದರು. ಮೊದಲ ವರ್ಷದ ಮೆಂಟೆನೆನ್ಸ್ ಉಚಿತ, ಹೋದೆ. ಎರಡನೇ ವರ್ಷ ಅಪ್ಪನ ಕಣ್ಣಿನ ಆಪರೇಷನ್ ಇತ್ತು, ಆರು ವಾರ ತಡವಾಯಿತು. 3,500 ಕಟ್ಟಿಸಿಕೊಂಡು ಕೆಲಸ ಮಾಡಿದರು. ಕೆಲಸ ಮುಗಿದ ಮೇಲೆ, "ಸಾರ್, ಡೇಟ್ ದಾಟಿದೆ, ವಾರಂಟಿ ಬರಲ್ಲ" ಅಂದರು. ಮೊದಲೇ ಹೇಳಬಹುದಿತ್ತಲ್ಲ? ಮನೆಗೆ ಬಂದು ಕಾರ್ಡ್ ಹಿಂದಿನ ಸಣ್ಣ ಅಕ್ಷರ ಓದಿದೆ. ನೀರಿನ ಕಲೆ ಸೇರಲ್ಲ. ಹಕ್ಕಿ ಹಿಕ್ಕೆ ಸೇರಲ್ಲ. ಕಲ್ಲೇಟು, ಗೀರು ಸೇರಲ್ಲ. ಉಳಿದದ್ದೇನು ಅಂತ ನನಗಂತೂ ತಿಳಿಯಲಿಲ್ಲ. ದುಡ್ಡು ಕೊಡುವ ಮೊದಲೇ ಆ ಕಾರ್ಡ್ ಕೇಳಿ ಓದಿ.

ಇನ್ನೊಂದು ಗೊತ್ತಿರಲಿ. ಹಿಂದಿನ ಬಂಪರ್‌ಗೆ ಆಟೋ ತಾಗಿ ಪೇಂಟ್ ಹೊಡೆಸಬೇಕಾಯಿತು. ಹೊಸ ಪೇಂಟ್ ಮೇಲೆ ಹಳೇ ಕೋಟಿಂಗ್ ಎಲ್ಲಿಂದ ಬರಬೇಕು? ಪೇಂಟ್ ಚೆನ್ನಾಗಿ ಒಣಗಲು ಕೆಲವು ವಾರ ಬಿಟ್ಟು ಅಷ್ಟು ಭಾಗಕ್ಕೆ ಮತ್ತೆ ಹಚ್ಚಿಸಬೇಕು, ಬೇರೆ ದುಡ್ಡು. ನಾನು ಹಚ್ಚಿಸಲಿಲ್ಲ. ಪಕ್ಕದ ಬಾಗಿಲಿಗೂ ಬಂಪರ್‌ಗೂ ವ್ಯತ್ಯಾಸ ತೊಳೆಯುವಾಗ ಕೈಗೆ ತಿಳಿಯುತ್ತದೆ. ಬಂಪರ್ ಮೇಲೆ ಕೆಸರು ಹಿಡಿದು ಕೂರುತ್ತದೆ, ಬಾಗಿಲಿನ ಮೇಲೆ ನೀರಿಗೇ ಇಳಿಯುತ್ತದೆ. ಕೋಟಿಂಗ್‌ನ ಬೆಲೆ ನನಗೆ ಸರಿಯಾಗಿ ಅರ್ಥವಾದದ್ದು ಈ ಬಂಪರ್ ನೋಡಿ.

ಮೂರು ವರ್ಷಕ್ಕೆ ಈಗ ಸ್ಥಿತಿ ಹೀಗಿದೆ. ಬಾಗಿಲುಗಳ ಮೇಲೆ ನೀರು ಇನ್ನೂ ಮಣಿ ಕಟ್ಟುತ್ತದೆ. ಮೇಲ್ಚಾವಣಿ, ಬಾನೆಟ್ ಮೇಲೆ ಹೆಚ್ಚುಕಡಿಮೆ ಹೋಗಿದೆ, ಅಲ್ಲಿ ನೀರು ಸೋಮಾರಿಯಾಗಿ ಹರಡಿಕೊಳ್ಳುತ್ತದೆ. ಬಣ್ಣ ಮಂಕಾಗಿಲ್ಲ. ಜೇಡರ ಬಲೆ ಗೀರು ಇದೆ, ಆದರೆ ಮೊದಲ ಎರಡು ತಿಂಗಳಲ್ಲಿ ಆದದ್ದಕ್ಕಿಂತ ಕಡಿಮೆ. ಇದರಲ್ಲಿ ಕೋಟಿಂಗ್‌ನ ಪಾಲೆಷ್ಟು, ಎರಡು ಬಕೆಟ್‌ನ ಪಾಲೆಷ್ಟು? ಬಕೆಟ್‌ನದೇ ಜಾಸ್ತಿ ಅಂತ ನನ್ನ ಲೆಕ್ಕ. ನಮ್ಮ ಆಫೀಸಿನ ಒಬ್ಬರ ಬಿಳಿ ಕಾರು ನನ್ನದಕ್ಕಿಂತ ಆರು ತಿಂಗಳು ಹಳೇದು. ಕೋಟಿಂಗ್ ಇಲ್ಲ. ತಾವೇ ತೊಳೆದು ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುತ್ತಾರೆ. ಹತ್ತಡಿ ದೂರ ನಿಂತರೆ ಅವರದೇ ಹೊಸ ಕಾರು ಅನ್ನಿಸುತ್ತದೆ.

ಒಟ್ಟು 29,460 ರೂಪಾಯಿ ಹೋಯಿತು, ತಿಂಗಳಿಗೆ 800ರ ಮೇಲೆ. ಕಪ್ಪು, ಕಡು ನೀಲಿ, ಕಡು ಕೆಂಪು ಕಾರು ಇದ್ದು, ಬಯಲಲ್ಲಿ ನಿಲ್ಲಿಸಿ, ನೀವೇ ತೊಳೆಯುವವರಾದರೆ ಮಾಡಿಸಬಹುದು. ತೊಳೆಯುವ ಶ್ರಮ ನನಗೆ ನಿಜವಾಗಿ ಅರ್ಧದಷ್ಟು ಕಡಿಮೆಯಾಗಿದೆ. ಬಿಳಿ, ಬೆಳ್ಳಿ ಬಣ್ಣಕ್ಕೆ ಬೇಡ. ಬೀದಿ ಹುಡುಗನ ಕೈಲಿ ಒಣ ಬಟ್ಟೆಯಲ್ಲಿ ಒರೆಸಿಸುವವರಿಗಂತೂ ಯಾವ ಬಣ್ಣವಾದರೂ ಬೇಡ, ದುಡ್ಡು ದಂಡ.

ಭಾಮೈದನ ಕಾರು ಬಿಳಿ. ಕೋಟಿಂಗ್ ಬಿಟ್ಟು ಮುಂದಿನ ಬಂಪರ್, ಬಾನೆಟ್ ತುದಿಗೆ ಮಾತ್ರ ಪಿಪಿಎಫ್ ಹಾಕಿಸು ಅಂದಿದ್ದೇನೆ, ಅವನೂ ದಿನಾ ಟಿಪ್ಪರ್ ಹಿಂದೆ ಓಡುವವನೇ. ನನ್ನದಕ್ಕೆ ದೀಪಾವಳಿ ಹೊತ್ತಿಗೆ ಬಾನೆಟ್, ಮೇಲ್ಚಾವಣಿಗೆ ಒಂದು ಹಗುರ ಪಾಲಿಶ್ ಮಾಡಿಸಿ, ಆರು ತಿಂಗಳು ಬರುವ ಸೀಲೆಂಟ್ (ವ್ಯಾಕ್ಸ್ ಥರ ಹಚ್ಚುವಂಥದ್ದು) ನಾನೇ ಹಚ್ಚಬೇಕು ಅಂತಿದ್ದೇನೆ. ಪಾಲಿಶ್‌ಗೆ ಮೊದಲು ಮೀಟರ್ ಹಿಡಿಸಿ, 112ರಲ್ಲಿ ಎಷ್ಟು ಉಳಿದಿದೆ ಅಂತ ನೋಡಬೇಕು.