ವಾಟ್ಸಾಪ್, ಟೆಲಿಗ್ರಾಂ, ಕ್ಲಾಸ್‌ರೂಮ್, ಮೂಡಲ್: ಮಕ್ಕಳು ಡೌಟ್ ಕೇಳೋದು ಎಲ್ಲಿ?

ನೋಟ್ಸ್ ಕಳಿಸೋಕೆ ಯಾವ ಆ್ಯಪ್ ಆದರೂ ನಡೆಯುತ್ತದೆ. ಪಿಡಿಎಫ್ ಎಲ್ಲಿ ಹಾಕಿದರೂ ಪಿಡಿಎಫ್ಫೇ. ಹಾಗಾಗಿ ಯಾವುದರಲ್ಲಿ ಎಷ್ಟು ಜಾಗ ಸಿಗುತ್ತದೆ, ಯಾವುದು ನೋಡೋಕೆ ಚೆಂದ ಅನ್ನೋದನ್ನೆಲ್ಲ ಇಲ್ಲಿ ಬರೆದಿಲ್ಲ. ನಾನು ನೋಡಿದ್ದು ಒಂದನ್ನೇ: ಕ್ಲಾಸಿನಲ್ಲಿ ತುಟಿ ಪಿಟಕ್ಕೆನ್ನದ ಮಕ್ಕಳು ಯಾವುದರಲ್ಲಿ ಬಾಯಿ ಬಿಡುತ್ತಾರೆ?

ನಾನು ತಾಲೂಕು ಕೇಂದ್ರದ ಪಿಯು ಕಾಲೇಜೊಂದರಲ್ಲಿ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಕ್ಲಾಸ್ ಮುಗಿದ ಮೇಲೆ ನಿಂತು ಡೌಟ್ ಕೇಳು ಅಂದರೆ ಬಸ್ ತಪ್ಪುತ್ತದೆ. ಕಾಲೇಜಿಗೆ ಮೊಬೈಲ್ ತರುವಂತಿಲ್ಲ. ಸಂಜೆ ಮನೆಯಲ್ಲಿ ಕೈಗೆ ಸಿಗುವ ಫೋನು ಎಷ್ಟೋ ಸಲ ಅಪ್ಪನದು, ಇಲ್ಲ ಅಣ್ಣನದು. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನವರ ಲೆಕ್ಕಾಚಾರವೇ ಬೇರೆ ಇರಬಹುದು. ನನ್ನ ತೀರ್ಮಾನ ನಮ್ಮಂಥ ಕಡೆಗೆ.

ಮೊದಲು ವಾಟ್ಸಾಪ್. ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಅಪ್ಪನ ಫೋನಿನಲ್ಲೂ ಇದೆ, ಅಜ್ಜಿಯ ಫೋನಿನಲ್ಲೂ ಇದೆ. ನಾಳೆ ಟೆಸ್ಟ್ ಇಲ್ಲ ಅಂತ ಒಂದು ಸಾಲು ಹಾಕಿದರೆ ಸಾಕು, ಗಳಿಗೆಯಲ್ಲಿ ಊರೆಲ್ಲ ಗೊತ್ತಾಗಿರುತ್ತದೆ. ಒಂದು ಗುಂಪಿಗೆ 1,024 ಜನರನ್ನು ಸೇರಿಸಬಹುದು, ನಮಗೆ ಅಷ್ಟು ಬೇಕಾಗಿಯೂ ಇಲ್ಲ. ವೇಗದಲ್ಲಿ ಇದಕ್ಕೆ ಸಾಟಿ ಯಾವುದೂ ಇಲ್ಲ.

ಆದರೆ ಮಾತುಕತೆ? ಅಲ್ಲೂ ಕ್ಲಾಸಿನ ಮುಂದಿನ ಬೆಂಚೇ ಮಾತಾಡುತ್ತದೆ. ಒಬ್ಬ ಡೌಟ್ ಕೇಳಿದರೆ ಮಿಕ್ಕವರೆಲ್ಲ ಹೆಬ್ಬೆರಳು ಒತ್ತುತ್ತಾರೆ. ಅವರಿಗೂ ಅದೇ ಡೌಟ್ ಇತ್ತೋ, ಸುಮ್ನೆ ಒತ್ತಿದರೋ ಹೇಳೋಕಾಗಲ್ಲ. ಅದರ ಮೇಲೆ ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಕೇಕು, ಬಸ್ ಪಾಸಿನ ಫಾರ್ವರ್ಡ್. ಮಧ್ಯಾಹ್ನ ಕೇಳಿದ ಪ್ರಶ್ನೆ ಸಂಜೆಗೆ ಮೇಲೆಲ್ಲೋ ಹೋಗಿರುತ್ತದೆ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇಟ್ಟರೆ ಗಲಾಟೆ ನಿಲ್ಲುತ್ತದೆ ನಿಜ. ಆಮೇಲೆ ಅದು ನೋಟಿಸ್ ಬೋರ್ಡ್, ಅಷ್ಟೇ.

ನನಗೆ ಇನ್ನೂ ದೊಡ್ಡ ತೊಡಕು ಅನಿಸಿದ್ದು ನಂಬರ್ ವಿಚಾರ. ಮಾಮೂಲಿ ಗುಂಪಿಗೆ ಸೇರಿದವರ ನಂಬರ್ ಗುಂಪಿನ ಮಿಕ್ಕವರಿಗೂ ಕಾಣುತ್ತದೆ. ಹದಿನಾರು ಹದಿನೇಳರ ಹೆಣ್ಣುಮಕ್ಕಳು ಇರುವ ಕ್ಲಾಸಿನಲ್ಲಿ ಇದು ಚಿಕ್ಕ ಮಾತಲ್ಲ. "ಗ್ರೂಪಿಗೆ ನಮ್ಮ ಮನೆಯವರದೇ ನಂಬರ್ ಹಾಕ್ಕೊಳಿ ಮೇಡಂ" ಅಂತ ತಾಯಂದಿರು ಹೇಳುವುದು ಇದಕ್ಕೇ. ಮನೆಯವರ ನಂಬರಿನಲ್ಲಿ ಆ ಹುಡುಗಿ ಏನು ಡೌಟ್ ಕೇಳುತ್ತಾಳೆ ಹೇಳಿ?

ಟೆಲಿಗ್ರಾಂನಲ್ಲಿ ಈ ತೊಂದರೆ ಕಡಿಮೆ. ನಂಬರ್ ಯಾರಿಗೂ ಕಾಣದಂತೆ ಇಟ್ಟುಕೊಳ್ಳಬಹುದು. ಸೆಟ್ಟಿಂಗ್ ಸರಿಯಾಗಿಟ್ಟರೆ ತಡವಾಗಿ ಸೇರಿದವರೂ ಹಳೆಯ ಮೆಸೇಜುಗಳನ್ನು ಓದಬಹುದು. ಸಪ್ಲಿಮೆಂಟರಿ ಬರೆದು ತಡವಾಗಿ ಕ್ಲಾಸಿಗೆ ಬಂದವರಿಗೆ ಇದು ಬಹಳ ಅನುಕೂಲ. ನನಗೆ ತುಂಬ ಹಿಡಿಸಿದ್ದು ಹೆಸರು ತೋರಿಸದ ಪೋಲ್. "ಇವತ್ತಿನ ಡಿಪ್ರಿಸಿಯೇಷನ್ ಲೆಕ್ಕ ಅರ್ಥವಾಯ್ತಾ?" ಅಂತ ಕ್ಲಾಸಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ರಾಗ, "ಹ್ಞೂಂ ಮೇಡಂ". ಅದೇ ಪ್ರಶ್ನೆ ಹೆಸರಿಲ್ಲದ ಪೋಲ್‌ನಲ್ಲಿ ಹಾಕಿ ನೋಡಿ. "ಶುರುವಿನಿಂದಲೇ ಗೊತ್ತಾಗಲಿಲ್ಲ" ಅನ್ನುವ ಸಾಲಿಗೆ ಓಟು ಬೀಳತೊಡಗುತ್ತವೆ. ಮರುದಿನ ನಾನು ಪಾಠ ಶುರು ಮಾಡುವ ಜಾಗವೇ ಬದಲಾಗುತ್ತಿತ್ತು.

ಆದರೆ ಯಾರಿಗೆ ಗೊತ್ತಾಗಲಿಲ್ಲ ಅಂತ ಪೋಲ್ ಹೇಳುವುದಿಲ್ಲ. ಜೊತೆಗೆ ಅಪ್ಪನ ಫೋನಿಗೆ ಹೊಸ ಆ್ಯಪ್ ಹಾಕಿಸೋದೇ ಒಂದು ಕೆಲಸ. ಟೆಲಿಗ್ರಾಂ ಅಂದರೆ ಸಿನಿಮಾ ಡೌನ್‌ಲೋಡ್ ಮಾಡೋದು ಅಂತಲೇ ಕೆಲವರ ಮನಸ್ಸಿನಲ್ಲಿದೆ. ಅದನ್ನು ಬಿಡಿಸಿ ಹೇಳುವಷ್ಟು ತಾಳ್ಮೆ ನನಗಂತೂ ಇರಲಿಲ್ಲ.

ಮಕ್ಕಳಿಗೆ ಅಸೈನ್ಮೆಂಟ್ ಕೊಟ್ಟು ಉತ್ತರ ತರಿಸಿಕೊಳ್ಳುವ ಗೂಗಲ್ ಕ್ಲಾಸ್‌ರೂಮ್ 2014ರಿಂದ ಇದೆ. ಮೊದಲು ಶಾಲಾ ಕಾಲೇಜಿನ ಖಾತೆ ಇದ್ದವರಿಗೆ ಮಾತ್ರ ಇತ್ತು, 2017ರಲ್ಲಿ ಮಾಮೂಲಿ ಜಿಮೇಲ್ ಇರುವವರಿಗೂ ತೆರೆದರು. ನಮ್ಮಲ್ಲಿ ಎಲ್ಲರೂ ಇದರ ಹೆಸರು ಕೇಳಿದ್ದು ಕೊರೊನಾ ಕಾಲದಲ್ಲಿ. ಆಗ ಬಹುತೇಕರು ಅಸೈನ್ಮೆಂಟ್ ಸಂಗ್ರಹಿಸೋಕೆ ಬಳಸಿ, ಕಾಲೇಜು ಮತ್ತೆ ತೆರೆದ ಮೇಲೆ ಮರೆತುಬಿಟ್ಟರು. ಇದರ ನಿಜವಾದ ಬೆಲೆ ಇರೋದು ಬೇರೆ ಕಡೆ. ಪ್ರತಿ ಅಸೈನ್ಮೆಂಟಿನ ಕೆಳಗೆ ಒಂದು ಪುಟ್ಟ ಜಾಗ ಇದೆ, ಪ್ರೈವೇಟ್ ಕಾಮೆಂಟ್ ಅಂತ. ಅಲ್ಲಿ ಬರೆದದ್ದು ಆ ವಿದ್ಯಾರ್ಥಿಗೆ ಮತ್ತು ಪಾಠ ಮಾಡುವವರಿಗೆ ಬಿಟ್ಟರೆ ಕ್ಲಾಸಿನ ಬೇರೆ ಯಾರಿಗೂ ಕಾಣುವುದಿಲ್ಲ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಮೊದಲ ಪಿಯುಸಿಯಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್ಮೆಂಟ್ ಬರುತ್ತದೆ, ಅಂದರೆ ನಮ್ಮ ಕ್ಯಾಷ್ ಬುಕ್ಕಿಗೂ ಬ್ಯಾಂಕಿನ ಪಾಸ್‌ಬುಕ್ಕಿಗೂ ತಾಳೆ ನೋಡುವ ಲೆಕ್ಕ. ಕ್ಯಾಷ್ ಬುಕ್ ಪ್ರಕಾರ 8,000 ರೂಪಾಯಿ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತೆಗೆದ ದುಡ್ಡು) ಇದೆ, ನಾವು ಕೊಟ್ಟ 3,000 ರೂಪಾಯಿ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಪಾಸ್‌ಬುಕ್ ಎಷ್ಟು ತೋರಿಸುತ್ತದೆ ಅಂತ ಲೆಕ್ಕ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಾಳೆಯ ಫೋಟೋ ಹಾಕಿದ್ದಳು. ಉತ್ತರ 11,000 ಅಂತ ಇತ್ತು. ಕೆಳಗೆ ಪ್ರೈವೇಟ್ ಕಾಮೆಂಟ್: "ಮೇಡಂ, ಹೋದ ಲೆಕ್ಕದಲ್ಲಿ ಇಂಥ ಚೆಕ್ ಕೂಡಿಸಿ ಅಂದ್ರಿ. ಇಲ್ಲಿ ಕಳೀಬೇಕು ಅಂತ ಬುಕ್ಕಲ್ಲಿದೆ. ಯಾಕೆ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಹೋದ ಲೆಕ್ಕದಲ್ಲಿ ಖಾತೆಯಲ್ಲಿ ದುಡ್ಡಿತ್ತು. ಚೆಕ್ ಬ್ಯಾಂಕಿಗೆ ಹೋಗದಿದ್ದರೆ ಅಷ್ಟು ದುಡ್ಡು ಅಲ್ಲೇ ಉಳಿದಿರುತ್ತದೆ, ಪಾಸ್‌ಬುಕ್ಕಿನಲ್ಲಿ ಜಾಸ್ತಿ ಕಾಣುತ್ತದೆ, ಹಾಗಾಗಿ ಕೂಡಿಸಬೇಕು. ಇಲ್ಲಿರುವುದು ಸಾಲ. ಚೆಕ್ ಇನ್ನೂ ಹೋಗಿಲ್ಲ ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ನಮ್ಮ ಸಾಲ ಅಷ್ಟು ಕಡಿಮೆ, 5,000 ಮಾತ್ರ. ಅವಳು ನಿಯಮ ಬಾಯಿಪಾಠ ಮಾಡಿದ್ದಳು, ಯಾಕೆ ಅನ್ನೋದು ಸಿಕ್ಕಿರಲಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಅವಳ ಹಾಳೆಯ ಮೇಲೆಯೇ ಕೆಂಪಿನಲ್ಲಿ ಗೀಚಬಹುದು. 'ಓವರ್‌ಡ್ರಾಫ್ಟ್' ಅನ್ನೋ ಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ 'ಸಾಲ' ಅಂತ ಬರೆದು ವಾಪಸ್ ಕಳಿಸಿದೆ. ಹೊಸ ಹಾಳೆ ಬಂತು, ಸರಿಯಾಗಿತ್ತು.

ಈ ಪ್ರಶ್ನೆಯನ್ನು ಅವಳು ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಿದ್ದಳಾ? ಖಂಡಿತ ಇಲ್ಲ. ನನಗೆ ಬೇರೆಯಾಗಿ ಮೆಸೇಜ್ ಮಾಡಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಮಾಡುವವರು ಇದ್ದಾರೆ. ಆದರೆ ಟೀಚರಿಗೆ ನೇರವಾಗಿ ಮೆಸೇಜ್ ಮಾಡೋದು ಅಂದರೆ ಮಕ್ಕಳಿಗೆ ಒಂಥರಾ ಅಳುಕು. ಹೋಂವರ್ಕ್ ಕೆಳಗೆ ಒಂದು ಸಾಲು ಬರೆಯೋಕೆ ಆ ಅಳುಕಿಲ್ಲ. ನನಗೂ ಲಾಭ ಇದೆ: ಪ್ರಶ್ನೆ, ಹಾಳೆ, ನನ್ನ ಉತ್ತರ ಮೂರೂ ಒಂದೇ ಕಡೆ ಉಳಿಯುತ್ತವೆ. ಪರೀಕ್ಷೆಗೆ ಮುಂಚೆ ಇಬ್ಬರೂ ತಿರುಗಿ ನೋಡಬಹುದು.

ಕ್ಲಾಸ್‌ರೂಮಿನ ಸ್ಟ್ರೀಮ್, ಅಂದರೆ ಇಡೀ ಕ್ಲಾಸಿಗೆ ಕಾಣುವ ಪೋಸ್ಟುಗಳ ಪುಟ, ಮಾತ್ರ ನನಗೆ ಹಿಡಿಸಲಿಲ್ಲ. ಎಲ್ಲರೂ ಬರೆಯುವ ಹಾಗೆ ಬಿಟ್ಟರೆ ಅದು ಇನ್ನೊಂದು ವಾಟ್ಸಾಪ್ ಗುಂಪು. ಟೀಚರ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗಿನಲ್ಲಿ ಬದಲಾಯಿಸಿಕೊಳ್ಳಿ. ಇನ್ನೊಂದು ಕಿರಿಕಿರಿ, ಜಿಮೇಲ್ ಪಾಸ್‌ವರ್ಡ್. ಫೋನ್ ಬದಲಾದ ಕೂಡಲೇ ಪಾಸ್‌ವರ್ಡ್ ಮರೆತು ಹೊಸ ಖಾತೆ ಮಾಡಿಕೊಂಡು, ಹೊಸ ಹೆಸರಿನಲ್ಲಿ ಸೇರುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅಣ್ಣನ ಜಿಮೇಲ್‌ನಲ್ಲೇ ಸೇರಿದರಂತೂ ಅಸೈನ್ಮೆಂಟ್ ಯಾರದು ಅಂತ ಕೈಬರಹ ನೋಡಿ ಗುರುತಿಸಬೇಕು.

ಕೊನೆಯದು ಮೂಡಲ್, ಕಾಲೇಜು ತನ್ನದೇ ಸೈಟಿನಲ್ಲಿ ಪಾಠ, ಅಸೈನ್ಮೆಂಟ್, ಚರ್ಚೆ ನಡೆಸೋಕೆ ಇರುವ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಪರ್ತ್‌ನ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, ಮೊದಲ ಪೂರ್ಣ ಆವೃತ್ತಿ ಬಂದಿದ್ದು 2002ರಲ್ಲಿ. ಸಾಫ್ಟ್‌ವೇರ್ ಉಚಿತ, ಆದರೆ ಸರ್ವರ್ ಬೇಕು, ನೋಡಿಕೊಳ್ಳೋಕೆ ಒಬ್ಬರು ಬೇಕು. ಇಂಜಿನಿಯರಿಂಗ್ ಕಾಲೇಜಿನಲ್ಲಿರುವ ಗೆಳತಿಯೊಬ್ಬಳು ತನ್ನ ಸರ್ವರಿನಲ್ಲಿ ನನಗೊಂದು ಕೋರ್ಸ್ ತೆರೆದುಕೊಟ್ಟಿದ್ದಕ್ಕೆ ನೋಡೋಕಾಯಿತು.

ಇದರಲ್ಲಿ ಪ್ರಶ್ನೋತ್ತರ ಫೋರಂ ಅಂತ ಒಂದು ಬಗೆ ಇದೆ. ನಾವು ಪ್ರಶ್ನೆ ಹಾಕುತ್ತೇವೆ. ವಿದ್ಯಾರ್ಥಿ ತನ್ನ ಉತ್ತರ ಬರೆಯುವವರೆಗೂ ಬೇರೆಯವರ ಉತ್ತರ ಅವನಿಗೆ ಕಾಣುವುದಿಲ್ಲ. ಬರೆದ ತಕ್ಷಣವೂ ಕಾಣುವುದಿಲ್ಲ. ತಿದ್ದಲು ಕೊಟ್ಟಿರುವ ಸಮಯ, ಮಾಮೂಲಿ 30 ನಿಮಿಷ, ಮುಗಿದ ಮೇಲೆಯೇ ಮಿಕ್ಕವರದು ತೆರೆಯುತ್ತದೆ. ಅಂದರೆ ಸುಮ್ನೆ ಒಂದು ಚುಕ್ಕಿ ಇಟ್ಟು, ಗೆಳೆಯನದು ನೋಡಿ ತಿದ್ದಿಕೊಳ್ಳೋಕೆ ದಾರಿಯಿಲ್ಲ. ಯಾರೋ ಬಹಳ ವರ್ಷ ಕ್ಲಾಸ್ ನೋಡಿದವರೇ ಇದನ್ನು ಯೋಚಿಸಿರಬೇಕು! ಅದೇ ಚೆಕ್ಕಿನ ಪ್ರಶ್ನೆಯನ್ನು ಇಲ್ಲಿ ಹಾಕಿದಾಗ ಬಂದ ಉತ್ತರಗಳು ಒಂದರ ಹಾಗೆ ಒಂದಿರಲಿಲ್ಲ. ತಪ್ಪುಗಳೂ ಬೇರೆ ಬೇರೆ ಬಗೆಯವು. ಆಮೇಲೆ ಒಬ್ಬರದಕ್ಕೆ ಒಬ್ಬರು ತಿದ್ದುಪಡಿ ಹೇಳಿಕೊಂಡರು. ಮಕ್ಕಳು ಮಕ್ಕಳೊಂದಿಗೆ ವಿಷಯದ ಬಗ್ಗೆಯೇ ಮಾತಾಡಿದ್ದು ಅಂದರೆ ಈ ನಾಲ್ಕರಲ್ಲಿ ಇಲ್ಲೇ. ಕ್ಲಾಸ್‌ರೂಮಿನಲ್ಲೂ 'ಕ್ವೆಶ್ಚನ್' ಹಾಕಿ ಹೀಗೇ ಮಾಡಬಹುದು, ಉತ್ತರ ಕೊಟ್ಟ ಮೇಲೇ ಬೇರೆಯವರದು ಕಾಣುತ್ತದೆ. ಆದರೆ ದೊಡ್ಡ ಚರ್ಚೆಗೆ ಮೂಡಲ್ ಫೋರಂ ಎಷ್ಟೋ ವಾಸಿ.

ಆದರೂ ನಮ್ಮ ಕಾಲೇಜಿಗೆ ಮೂಡಲ್ ತನ್ನಿ ಅಂತ ನಾನು ಹೇಳುವುದಿಲ್ಲ. ಸುದ್ದಿ ಬಂತು ಅಂತ ಅದು ಮುಖ್ಯವಾಗಿ ಇಮೇಲ್ ಕಳಿಸುತ್ತದೆ. ನಮ್ಮ ಮಕ್ಕಳು ಇಮೇಲ್ ತೆಗೆದು ನೋಡುವುದು ಒಟಿಪಿ ಬಂದಾಗ ಮಾತ್ರ. ಸರ್ವರ್ ನೋಡಿಕೊಳ್ಳುವವರು ತಮ್ಮಲ್ಲೇ ಇರುವ ಇಂಜಿನಿಯರಿಂಗ್ ಕಾಲೇಜುಗಳು, ವಿಶ್ವವಿದ್ಯಾಲಯಗಳು ಬೇರೆ ಯಾವುದನ್ನೂ ಹುಡುಕಬೇಕಾಗಿಲ್ಲ.

ನಾನೀಗ ಉಳಿಸಿಕೊಂಡಿರುವುದು ಎರಡು. ರಜೆ, ಟೆಸ್ಟ್, ಫೀಸಿನ ಸುದ್ದಿಗೆ ವಾಟ್ಸಾಪ್, ಅಡ್ಮಿನ್ ಮಾತ್ರ ಬರೆಯುವ ಹಾಗೆ, ಮನೆಯವರ ನಂಬರಿಗೆ. ಪಾಠಕ್ಕೆ ಮತ್ತು ಡೌಟಿಗೆ ಕ್ಲಾಸ್‌ರೂಮ್. ಹೆಸರಿಲ್ಲದ ಪೋಲ್ ಬೇಕು ಅನಿಸಿದಾಗ ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಕೇಳದೆ ಒಂದು ಪ್ರಶ್ನೆ ಹಾಕಿ, ಲಿಂಕನ್ನು ಅಲ್ಲೇ ಕೊಡುತ್ತೇನೆ. ಟೆಲಿಗ್ರಾಂ ಬೇಕಾಗಲಿಲ್ಲ.

ಶುರು ಮಾಡುವವರಿಗೆ ಒಂದೇ ಮಾತು: ಜೂನ್‌ನಲ್ಲಿ ಮೊದಲ ಅಸೈನ್ಮೆಂಟನ್ನೇ ಲೆಕ್ಕ ಬಿಡಿಸುವ ಬದಲು "ಈ ವಿಷಯದಲ್ಲಿ ನಿನಗೆ ಯಾವುದು ಕಷ್ಟ, ಪ್ರೈವೇಟ್ ಕಾಮೆಂಟಿನಲ್ಲಿ ಬರಿ" ಅಂತ ಕೊಡಿ. ಆ ಜಾಗ ಎಲ್ಲಿದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿ. ಕನ್ನಡದಲ್ಲೋ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ, ಹೇಗೆ ಬೇಕಾದರೂ ಬರೆಯಲಿ. ಉತ್ತರ ಕೊಡುವ ಹೊತ್ತನ್ನೂ ಮೊದಲೇ ಹೇಳಿಬಿಡಿ. ನನ್ನದು ರಾತ್ರಿ ಎಂಟರಿಂದ ಒಂಬತ್ತು. ಅಪ್ಪ ಹೊಲದಿಂದ ಬಂದು ಫೋನು ಮಕ್ಕಳ ಕೈಗೆ ಸಿಗುವುದು ಆ ಹೊತ್ತಿಗೇ.